ಶಾಲೆ ಬಿಡದೆ ಡಾಕ್ಟರೇಟ್: ಮುಂಬೈ, ಪುಣೆ, ಗೋವಾದ ಕನ್ನಡ ಶಿಕ್ಷಕರು ಎಲ್ಲಿ ಸೇರಬಹುದು?

ಮುಂಬೈಯ ಭಾಂಡುಪ್‌ನ ಟೀಚರ್ ಅಕ್ಕ ಒಬ್ಬರು ಫೋನ್ ಮಾಡಿದ್ದರು. ಅವರ ತರಗತಿಗೆ ಒಬ್ಬ ಹುಡುಗ ಬಂದಿದ್ದಾನೆ. ನಾಲ್ಕರವರೆಗೆ ಕನ್ನಡ ಶಾಲೆಯಲ್ಲಿ ಓದಿ ಐದಕ್ಕೆ ಮರಾಠಿಗೆ ಬಂದವನು. ಅಕ್ಕ 'ಪಂಚವೀಸ' (ಮರಾಠಿಯ ಇಪ್ಪತ್ತೈದು) ಎಂದರೆ ಅವನು 52 ಬರೆಯುತ್ತಾನೆ. 'ಬಾವನ್ನ' (ಐವತ್ತೆರಡು) ಎಂದರೆ 25. ಹುಡುಗ ದಡ್ಡನಲ್ಲ. ಮನೆಯಲ್ಲಿ 'ಇಪ್ಪತ್ತೈದು' ಎನ್ನುತ್ತಾರೆ, ಮೊದಲು ಇಪ್ಪತ್ತು, ಆಮೇಲೆ ಐದು. ಮರಾಠಿಯಲ್ಲಿ ಐದು ಮೊದಲು ಬರುತ್ತದೆ. ಕಿವಿಗೆ ಬಿದ್ದ ಕ್ರಮದಲ್ಲೇ ಅವನ ಕೈ ಓಡುತ್ತದೆ. 'ಏಕೋಣತೀಸ' ಬಂದರಂತೂ ಕಥೆ ಮುಗಿಯಿತು. ಮೂವತ್ತಕ್ಕೆ ಒಂದು ಕಮ್ಮಿ ಎಂದು ಹೇಳಿ ಇಪ್ಪತ್ತೊಂಬತ್ತು ಬರೆಸಬೇಕು.

"ಮೇಡಂ, ಇದನ್ನೇ ಇಟ್ಟುಕೊಂಡು ಪಿಎಚ್.ಡಿ. ಮಾಡಬಹುದಾ? ಮಾಡಿದ್ರೆ ಎಲ್ಲಿ ಮಾಡ್ಲಿ?" ಎಂದು ಕೇಳಿದರು.

ಅದೇ ತಿಂಗಳು ಪುಣೆಯ ಒಬ್ಬ ಸರ್ ಕೂಡ ಕೇಳಿದರು. ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವವರು, ಮುಂದೆ ಪ್ರಿನ್ಸಿಪಾಲ್ ಆಗುವ ಆಸೆ. ಮೂರನೆಯವಳು ಗೋವಾದ ವಾಸ್ಕೋದಲ್ಲಿರುವ ನನ್ನ ದೂರದ ತಂಗಿ. ಕನ್ನಡ ಎಂ.ಎ., ಬಿ.ಎಡ್. ಮಾಡಿ ಪ್ರೈವೇಟ್ ಶಾಲೆಯಲ್ಲಿದ್ದಾಳೆ. ಮೂವರೂ ಕೇಳಿದ್ದು ಒಂದೇ ಪ್ರಶ್ನೆ. ಆದರೆ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರನ್ನು ದಾರಿ ತಪ್ಪಿಸಿದಂತೆ. ನಾನು ಡೊಂಬಿವಲಿಯಿಂದ ಓಡಾಡಿ, ಕೆಲಸ ಬಿಡದೆ, ಏಳು ವರ್ಷ ತಗೊಂಡು ಪಿಎಚ್.ಡಿ. ಮುಗಿಸಿದವಳು. ಆ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಎಡ್‌ಡಿ ಎಂದರೆ ಡಿ.ಎಡ್. ಅಲ್ಲ

ಪಿಎಚ್.ಡಿ. ಅಲ್ಲದೆ ಎಡ್‌ಡಿ ಎಂಬ ಇನ್ನೊಂದು ಡಾಕ್ಟರೇಟ್ ಇದೆ, ಮೊದಲು ಅದರ ಗೊಂದಲ ಬಿಡಿಸೋಣ. ಮಹಾರಾಷ್ಟ್ರದಲ್ಲಿ ಡಿ.ಎಡ್. ಎಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ. ಈಗ ಅದಕ್ಕೆ ಡಿ.ಎಲ್.ಎಡ್. ಎನ್ನುತ್ತಾರೆ. ಅಮೆರಿಕದಲ್ಲಿ ಎಡ್‌ಡಿ ಎಂದರೆ 'ಡಾಕ್ಟರ್ ಆಫ್ ಎಜುಕೇಶನ್', ಕೆಲಸದಲ್ಲಿರುವ ಶಿಕ್ಷಕರು, ಮುಖ್ಯೋಪಾಧ್ಯಾಯರು, ಅಧಿಕಾರಿಗಳು ಮಾಡುವ ಡಾಕ್ಟರೇಟ್. ನಮ್ಮ ಸಂಘದ ಕಾರ್ಯಕ್ರಮವೊಂದರಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬರನ್ನು 'ಎಡ್‌ಡಿ ಮಾಡಿದವರು' ಎಂದು ಪರಿಚಯಿಸಿದಾಗ ಹಿಂದಿನ ಸಾಲಿನ ಅಜ್ಜ ಒಬ್ಬರು "ಡಿ.ಎಡ್. ಮಾಡೋಕೆ ಅಲ್ಲಿವರೆಗೆ ಹೋಗಬೇಕಿತ್ತಾ?" ಎಂದು ಕೇಳಿದ್ದರು. ತಮಾಷೆ ಇರಲಿ, ಈ ಗೊಂದಲ ಇವತ್ತಿಗೂ ಇದೆ.

ಭಾಂಡುಪ್‌ನ ಹುಡುಗನನ್ನೇ ಇಟ್ಟುಕೊಂಡು ವ್ಯತ್ಯಾಸ ನೋಡಿ. ಪಿಎಚ್.ಡಿ. ಮಾಡುವವರು ಕೇಳುವುದು: ಎರಡು ಭಾಷೆಯಲ್ಲಿ ಎಣಿಸುವ ಮಗುವಿನ ತಲೆಯಲ್ಲಿ ಸಂಖ್ಯೆ ಹೇಗೆ ಕೂರುತ್ತದೆ, ಈವರೆಗಿನ ಸಿದ್ಧಾಂತಗಳು ಇದನ್ನು ವಿವರಿಸುತ್ತವಾ? ಎಡ್‌ಡಿ ಮಾಡುವವರು ಕೇಳುವುದು: ಬರುವ ಜೂನ್‌ನಲ್ಲಿ ನನ್ನ ಶಾಲೆಗೆ ಇಂಥ ಹನ್ನೆರಡು ಮಕ್ಕಳು ಬರುತ್ತಾರೆ, ಮೊದಲ ಆರು ವಾರ ನಾನು ಏನು ಬದಲಿಸಬೇಕು, ಬದಲಿಸಿದ್ದು ಕೆಲಸ ಮಾಡಿತಾ? ಬಿ.ಎಡ್.ನಲ್ಲಿ ನಾವೆಲ್ಲ ತರಗತಿಯ ಒಂದು ಸಮಸ್ಯೆ ಹಿಡಿದು ಕಾಟಾಚಾರಕ್ಕೆ ಬರೆದ ಕ್ರಿಯಾ ಸಂಶೋಧನೆ ನೆನಪಿದೆಯಾ? ಅದನ್ನೇ ಮೂರು ವರ್ಷ ಗಟ್ಟಿಯಾಗಿ, ಪ್ರಾಮಾಣಿಕವಾಗಿ ಮಾಡಿದರೆ ಎಡ್‌ಡಿಗೆ ಹತ್ತಿರ ಬರುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯ ಮೊದಲ ಎಡ್‌ಡಿ ಕೊಟ್ಟದ್ದು 1921ರಲ್ಲಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಇದು 1990ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ಗೆ 1992ರಲ್ಲಿ ಬಂತು. ನಮಗೆ ಪಾಠ ಇರುವುದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಉನ್ನತ ಶಿಕ್ಷಣಕ್ಕೆ ಮಾಡಿದ 1960ರ ಮಾಸ್ಟರ್ ಪ್ಲಾನ್ ಪ್ರಕಾರ ಡಾಕ್ಟರೇಟ್ ಕೊಡುವ ಹಕ್ಕು ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಿಗೆ ಮಾತ್ರ. ಊರೂರಿನ ಮಕ್ಕಳು, ಕೆಲಸ ಮಾಡುತ್ತಲೇ ಓದುವವರು ಹೋಗುವ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಆ ಹಕ್ಕು ಇರಲಿಲ್ಲ. ದೊಡ್ಡವರ ಜೊತೆ ಸೇರಿಕೊಂಡು ಮಾತ್ರ ಕೊಡಬಹುದಿತ್ತು. 2005ರಲ್ಲಿ ಎಸ್‌ಬಿ 724 ಎಂಬ ಕಾನೂನು ಬಂದು ಶಿಕ್ಷಣದಲ್ಲಿ ಎಡ್‌ಡಿ ಸ್ವತಂತ್ರವಾಗಿ ಕೊಡಲು ಬಿಟ್ಟಿತು. 2007ರಲ್ಲಿ ಮೊದಲ ತಂಡಗಳು ಶುರುವಾದವು. ಸಂಜೆ ಮತ್ತು ವಾರಾಂತ್ಯದಲ್ಲಿ ಕ್ಲಾಸು, ಒಂದೇ ಬ್ಯಾಚಿನವರು ಮೂರು ವರ್ಷ ಜೊತೆಯಲ್ಲೇ ಓದುವುದು, ತಮ್ಮ ಶಾಲೆಯ ಸಮಸ್ಯೆಯನ್ನೇ ಪ್ರಬಂಧ ಮಾಡುವುದು. 2023ರಲ್ಲಿ ಎಬಿ 656 ಬಂದು ಬೇರೆ ವಿಷಯಗಳಲ್ಲೂ ಅನ್ವಯಿಕ ಡಾಕ್ಟರೇಟ್ ಕೊಡಲು ದಾರಿ ಮಾಡಿತು.

ಎಲ್ಲರೂ ಇದನ್ನು ಹೊಗಳಿದರು ಎಂದುಕೊಳ್ಳಬೇಡಿ. ಅದೇ 2005ರಲ್ಲಿ ಆರ್ಥರ್ ಲೆವಿನ್ ಎಂಬ ಶಿಕ್ಷಣ ತಜ್ಞರು ಎಡ್‌ಡಿಯನ್ನೇ ರದ್ದು ಮಾಡಿ ಎಂದು ವರದಿಯಲ್ಲಿ ಬರೆದರು. ಇದು ನೀರು ಬೆರೆಸಿದ ಪಿಎಚ್.ಡಿ. ಆಗಿಬಿಟ್ಟಿದೆ, ಸಂಶೋಧನೆಯೂ ಇಲ್ಲ, ಕೆಲಸಕ್ಕೆ ಉಪಯೋಗವೂ ಇಲ್ಲ ಎನ್ನುವ ದೂರು ಆಗ ಜೋರಾಗಿತ್ತು. ಅದಕ್ಕೆ ಉತ್ತರವಾಗಿ 2007ರಲ್ಲಿ ಹಲವು ವಿಶ್ವವಿದ್ಯಾಲಯಗಳು ಕಾರ್ನೆಗಿ ಯೋಜನೆಯಡಿ ಸೇರಿ, ಎಡ್‌ಡಿ ಎಂದರೆ ಹೇಗಿರಬೇಕು ಎಂದು ಹೊಸದಾಗಿ ಕೂತು ಯೋಚಿಸಿದವು. ಸೀಟು ಹೆಚ್ಚಿಸುವುದು ಸುಲಭ, ಪದವಿಗೆ ತೂಕ ಕೊಡುವುದು ಕಷ್ಟ. ಈ ಮಾತು ನಮ್ಮ ಊರಿನ ರಿಸರ್ಚ್ ಸೆಂಟರ್‌ಗಳಿಗೂ ಹೊಂದುತ್ತದೆ, ಮುಂದೆ ಹೇಳುತ್ತೇನೆ.

ನಮ್ಮ ಕಡೆ ಎಡ್‌ಡಿ ಎನ್ನುವ ಬಾಗಿಲು ಹೆಚ್ಚುಕಮ್ಮಿ ಇಲ್ಲ. ಇರುವುದು ಪಾರ್ಟ್‌ಟೈಮ್ ಪಿಎಚ್.ಡಿ. ಅದನ್ನೇ ನಮ್ಮ ಶಾಲೆಯ ಕಡೆಗೆ ಬಗ್ಗಿಸಿಕೊಳ್ಳಬೇಕು. ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎನ್ನುವುದಕ್ಕಿಂತ ಯಾವುದು ಹಾಗೆ ಬಗ್ಗಲು ಬಿಡುತ್ತದೆ ಎಂದು ಕೇಳಿದರೆ ಆಯ್ಕೆ ಸುಲಭವಾಗುತ್ತದೆ.

ಎಲ್ಲ ಕಡೆ ಒಂದೇ ಆಗಿರುವುದು

ಇದನ್ನು ಬೇಗ ಮುಗಿಸುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2022ರ ನಿಯಮ ಎಲ್ಲರಿಗೂ ಒಂದೇ. ಮುಂಬೈಯ ಕಲೀನಾಕ್ಕೆ ಹೋದರೂ, ಪುಣೆಯ ಗಣೇಶಖಿಂಡಕ್ಕೆ ಹೋದರೂ, ಧಾರವಾಡಕ್ಕೆ ಹೋದರೂ ಅಷ್ಟೇ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಇರಬೇಕು, ಮೀಸಲಾತಿಯವರಿಗೆ ಶೇ. 5 ರಿಯಾಯಿತಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮತ್ತೆ ರಿಜಿಸ್ಟ್ರೇಶನ್ ಮಾಡಿಸಿದರೆ ಇನ್ನೆರಡು ವರ್ಷ. ಹೆಂಗಸರಿಗೆ ಮತ್ತು ಶೇ. 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಅದರ ಮೇಲೂ ಎರಡು ವರ್ಷ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಹೆಂಗಸರಿಗೆ 240 ದಿನದವರೆಗೆ ರಜೆ ಇದೆ. ಕೋರ್ಸ್‌ವರ್ಕ್, ಅಂದರೆ ಕ್ಲಾಸಿನಲ್ಲಿ ಕೂತು ಓದುವ ಭಾಗ, ಕನಿಷ್ಠ 12 ಕ್ರೆಡಿಟ್. ಎಂ.ಫಿಲ್. ಮಾಡಿ ನೋಡೋಣ ಎನ್ನುವವರಿಗೆ ಆ ಬಾಗಿಲು ಈಗ ಮುಚ್ಚಿದೆ.

ಒಬ್ಬ ಪ್ರೊಫೆಸರ್ ಒಮ್ಮೆಗೆ ಎಂಟು ವಿದ್ಯಾರ್ಥಿಗಳನ್ನು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ವಿದ್ಯಾರ್ಥಿಗಳನ್ನು ಮಾತ್ರ ತಗೋಬಹುದು. ಸೀಟು ಸಿಗದೆ ಇರುವುದಕ್ಕೆ ಮುಖ್ಯ ಕಾರಣ ಇದೇ. ಯಾರೋ ಒಬ್ಬರು ಪ್ರಬಂಧ ಸಲ್ಲಿಸಿದರೆ ಮಾತ್ರ ಒಂದು ಜಾಗ ಖಾಲಿ.

ಪಾರ್ಟ್‌ಟೈಮ್‌ಗೆ ಶಾಲೆಯಿಂದ ಎನ್‌ಒಸಿ ಬೇಕು. ಸುಮ್ನೆ 'ನಮ್ಮ ಆಕ್ಷೇಪ ಇಲ್ಲ' ಎಂದು ಒಂದು ಸಾಲು ಬರೆದು ಸೀಲ್ ಒತ್ತಿದರೆ ಸಾಲದು. ಮೂರು ಮಾತು ಅದರಲ್ಲಿ ಇರಬೇಕು: ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುವಂಥ ಕೆಲಸ ಇದೆ, ಬೇಕಾದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುಗಡೆ ಕೊಡುತ್ತೇವೆ. ಮೂರನೆಯ ಮಾತಿಗೆ ಅನುದಾನರಹಿತ ಶಾಲೆಗಳ ಆಡಳಿತ ಮಂಡಳಿ ಮುಖ ಸಿಂಡರಿಸುತ್ತದೆ. ಅರ್ಜಿ ತುಂಬುವ ಮೊದಲೇ ಆ ಮಾತು ಬಗೆಹರಿಸಿಕೊಳ್ಳಿ. ಪ್ರವೇಶ ಪರೀಕ್ಷೆ ಪಾಸಾಗಿ, ಸಂದರ್ಶನವನ್ನೂ ಮುಗಿಸಿ, ಈ ಕಾಗದದ ಹತ್ತಿರ ಸಿಕ್ಕಿಹಾಕಿಕೊಂಡ ಇಬ್ಬರು ನನಗೆ ಗೊತ್ತು.

ಕಲೀನಾ

ಮುಂಬೈ ವಿಶ್ವವಿದ್ಯಾಲಯ 1857ರದು. ಶಿಕ್ಷಣ ವಿಭಾಗವೂ ಕನ್ನಡ ವಿಭಾಗವೂ ಕಲೀನಾದ ವಿದ್ಯಾನಗರಿಯಲ್ಲೇ ಇವೆ. ನಮ್ಮಂಥವರಿಗೆ ಇದರಷ್ಟು ಅನುಕೂಲ ಇನ್ನೆಲ್ಲೂ ಇಲ್ಲ ಎಂದು ನನ್ನ ಅಭಿಪ್ರಾಯ. ಶಿಕ್ಷಣದಲ್ಲಿ ಪಿಎಚ್.ಡಿ. ಮಾಡಲು ಎಂ.ಎಡ್. ಅಥವಾ ಶಿಕ್ಷಣದ ಎಂ.ಎ. ಬೇಕು. ನಮ್ಮ ಕನ್ನಡ ಶಿಕ್ಷಕರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಕನ್ನಡ ಎಂ.ಎ. ಮತ್ತು ಬಿ.ಎಡ್. ಎಂ.ಎಡ್. ಮಾಡೋಣ ಎಂದರೆ ಅದು 2015ರಿಂದ ಎರಡು ವರ್ಷದ್ದು. ಕೆಲಸ ಬಿಟ್ಟು ಎರಡು ವರ್ಷ ಎಂ.ಎಡ್., ಆಮೇಲೆ ಆರು ವರ್ಷ ಪಿಎಚ್.ಡಿ. ಅಷ್ಟರಲ್ಲಿ ನಿವೃತ್ತಿಯೇ ಬಂದುಬಿಡುತ್ತದೆ.

ಅಂಥವರಿಗೆ ಕನ್ನಡ ವಿಭಾಗವೇ ದಾರಿ. ಟಾಪಿಕ್ ಮಾತ್ರ ಶಾಲೆಯದಾಗಿರಲಿ. ಹೊರನಾಡಿನಲ್ಲಿ ಕನ್ನಡ ಕಲಿಕೆ, ರಾತ್ರಿ ಶಾಲೆಗಳ ಚರಿತ್ರೆ, ಪಠ್ಯಪುಸ್ತಕದ ಭಾಷೆ, ಮುಂಬೈ ಮಕ್ಕಳ ಬೆರಕೆ ಮಾತು, ಇವೆಲ್ಲ ಕನ್ನಡದಲ್ಲೇ ಬರೆಯಬಹುದಾದ ವಿಷಯಗಳು. ಪ್ರಬಂಧ ನಿಮ್ಮ ಭಾಷೆಯಲ್ಲಿ ಬರೆಯುವ ಸುಖ ಸಣ್ಣದಲ್ಲ. ನಾನು ಇಂಗ್ಲಿಷಿನಲ್ಲಿ ಬರೆದು ಒದ್ದಾಡಿದವಳು. ಒಂದು ಪ್ಯಾರಾ ಬರೆಯಲು ಕಲ್ಯಾಣದಿಂದ ಸಿಎಸ್‌ಎಂಟಿವರೆಗಿನ ಪ್ರಯಾಣ ಸಾಲುತ್ತಿರಲಿಲ್ಲ.

ಅಡ್ಡಿಯೂ ಇದೆ. ಕನ್ನಡ ವಿಭಾಗದ ಪದವಿ ಕನ್ನಡದ ಪದವಿಯೇ. ನಾಳೆ ಬಿ.ಎಡ್. ಕಾಲೇಜಿಗೆ ಹೋಗಬೇಕು ಎಂದಿದ್ದರೆ ಮೊದಲು ಆ ಕಾಲೇಜಿನ ನೇಮಕಾತಿ ನಿಯಮ ಓದಿ. ಇನ್ನು ಓಡಾಟ. ಕುರ್ಲಾದಲ್ಲಿ ಇಳಿದು ಬಸ್ಸಿಗೆ ನಿಂತರೆ ಮಳೆಗಾಲದಲ್ಲಿ ಕ್ಯಾಂಪಸ್ಸಿನ ಗೇಟು ದೂರದ ಊರಿನಂತೆ ಅನಿಸುತ್ತದೆ. ಸಾಂತಾಕ್ರೂಜ್ ಪೂರ್ವದಿಂದ ಹೋಗುವುದು ವಾಸಿ.

ಚರ್ಚ್‌ಗೇಟ್, ಜುಹು, ಕರ್ವೆ ರಸ್ತೆ

ಹೆಂಗಸರಾದರೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯವನ್ನು ಬಿಡಬೇಡಿ. ಧೋಂಡೋ ಕೇಶವ ಕರ್ವೆ 1916ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದು, 1936ರಲ್ಲಿ ಮುಂಬೈಗೆ ಬಂತು. ಚರ್ಚ್‌ಗೇಟ್, ಜುಹು ಮತ್ತು ಪುಣೆಯ ಕರ್ವೆ ರಸ್ತೆ, ಮೂರೂ ಕಡೆ ಕ್ಯಾಂಪಸ್ ಇದೆ. ಜುಹುವಿನಲ್ಲಿ ಶೈಕ್ಷಣಿಕ ತಂತ್ರಜ್ಞಾನದ್ದೇ ಒಂದು ವಿಭಾಗ ಇದೆ. ಅಲ್ಲಿ ಓದಿದ ಗೆಳತಿಯರು ಹೇಳುವುದು ಒಂದೇ ಮಾತು: 'ಮಗುವಿಗೆ ಜ್ವರ, ಇವತ್ತು ಬರಲಾಗಲಿಲ್ಲ' ಎಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಿಯಮದ ಪುಸ್ತಕದಲ್ಲಿ ಕಾಣದ ಈ ಸಂಗತಿ ನಾಲ್ಕನೇ ವರ್ಷಕ್ಕೆ ಬೆಲೆ ಕಟ್ಟಲಾಗದ್ದಾಗುತ್ತದೆ.

ದೇವನಾರ್, ಮಾನ್‌ಖುರ್ದ್

ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಹುಟ್ಟಿದ್ದು. 2006ರಲ್ಲಿ ಕೆಲಸದಲ್ಲಿರುವವರಿಗಾಗಿ ಪ್ರಾಥಮಿಕ ಶಿಕ್ಷಣದ ಎಂ.ಎ. ಶುರು ಮಾಡಿ ಒಳ್ಳೆಯ ಹೆಸರು ತಗೊಂಡಿತು. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್‌ಆರ್) ಸೇರಿದ್ದು. ವಿಜ್ಞಾನ ಮತ್ತು ಗಣಿತ ಕಲಿಕೆಯ ಮೇಲೆ ದೇಶದಲ್ಲಿ ಇದರಷ್ಟು ಗಂಭೀರವಾಗಿ ಕೆಲಸ ಮಾಡುವ ಜಾಗಗಳು ಬಹಳ ಕಮ್ಮಿ.

ಭಾಂಡುಪ್‌ನ ಅಕ್ಕನ ಪ್ರಶ್ನೆ ಕೇಳಿದ ಕೂಡಲೇ ನನಗೆ ನೆನಪಾದದ್ದು ಮಾನ್‌ಖುರ್ದ್. ಆದರೆ ಅಲ್ಲಿಯ ಪಿಎಚ್.ಡಿ. ಮುಖ್ಯವಾಗಿ ಫೆಲೋಶಿಪ್ ತಗೊಂಡು ಪೂರ್ತಿ ದಿನ ಕೂತು ಮಾಡುವವರಿಗೆ. ಇಪ್ಪತ್ತೆರಡರ ಹುಡುಗಿ ಕೇಳಿದರೆ ಕಣ್ಣುಮುಚ್ಚಿ ಹೋಗು ಎನ್ನುತ್ತೇನೆ. ಜೆಆರ್‌ಎಫ್ ಎಂಬ ಸರ್ಕಾರಿ ಫೆಲೋಶಿಪ್ ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಇದು 2023ರ ಜನವರಿಯಿಂದ ಬಂದ ದರ. ನಲವತ್ತೈದರ, ಮನೆ ಸಾಲದ ಕಂತು ಕಟ್ಟುತ್ತಿರುವ ಅಕ್ಕನಿಗೆ ಈ ಮಾತು ಹೇಳಲಾಗುವುದಿಲ್ಲ. ಹಾಗೆಂದು ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಓದುವುದು ಬೇರೆ ಕಡೆ ಇದ್ದರೂ ಅಲ್ಲಿಯ ಪ್ರಕಟಣೆಗಳನ್ನು ಓದಬಹುದು, ಉಪನ್ಯಾಸಗಳಿಗೆ ಹೋಗಿ ಕೂರಬಹುದು.

ಪುಣೆ

ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ 1949ರದು, ಈ ಹೆಸರು ಬಂದದ್ದು 2014ರಲ್ಲಿ. ಪುಣೆ, ನಾಸಿಕ್, ಅಹಿಲ್ಯಾನಗರ (ಹಳೆಯ ಅಹ್ಮದನಗರ), ಈ ಮೂರು ಜಿಲ್ಲೆಗಳ ಕಾಲೇಜುಗಳು ಇದರಡಿ ಬರುತ್ತವೆ. ಗಣೇಶಖಿಂಡದ ಕ್ಯಾಂಪಸ್ಸಿನಲ್ಲಿ ಶಿಕ್ಷಣ ವಿಭಾಗ ಇದೆ. ಇಲ್ಲಿಯ ಶಿಕ್ಷಣ ಪ್ರಬಂಧಗಳನ್ನು ಶೋಧಗಂಗಾ ಜಾಲತಾಣದಲ್ಲಿ ತೆರೆದು ನೋಡಿ, ಮರಾಠಿಯಲ್ಲಿ ಬರೆದವು ಸಾಕಷ್ಟು ಸಿಗುತ್ತವೆ. ಮರಾಠಿ ಚೆನ್ನಾಗಿ ಬರುವ ಕನ್ನಡಿಗರಿಗೆ ಇದು ಅನುಕೂಲ. ಬರದವರು ಇಂಗ್ಲಿಷಿನಲ್ಲಿ ಬರೆಯಬಹುದು, ಆದರೆ ಗೈಡ್ ಜೊತೆಗಿನ ಮಾತುಕತೆ, ಸಮಿತಿಯ ಹರಟೆ ಹೆಚ್ಚಾಗಿ ಮರಾಠಿಯಲ್ಲೇ ನಡೆಯುತ್ತದೆ.

ಪುಣೆಯ ಇನ್ನೊಂದು ಹಿರಿಮೆ ಜೆ.ಪಿ. ನಾಯಕ್ ಅವರ ಭಾರತೀಯ ಶಿಕ್ಷಣ ಸಂಸ್ಥೆ. ಕೊಠಾರಿ ಶಿಕ್ಷಣ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಅವರು ಇದನ್ನು 1948ರಲ್ಲಿ ಮುಂಬೈಯಲ್ಲಿ ಶುರು ಮಾಡಿದರು, 1976ರಲ್ಲಿ ಪುಣೆಗೆ ತಂದರು. ಶಿಕ್ಷಣ ಸಂಶೋಧನೆ ಎಂದರೆ ಹಳ್ಳಿಯ ಶಾಲೆಯ ಜಗಲಿಯಿಂದ ಶುರುವಾಗಬೇಕು ಎನ್ನುವವರಿಗೆ ಅವರ ಕೆಲಸ ಇವತ್ತಿಗೂ ದಾರಿ ತೋರಿಸುತ್ತದೆ.

ಗೋವಾ

ತಾಳಗಾಂವ್ ಗುಡ್ಡದ ಮೇಲೆ ಗೋವಾ ವಿಶ್ವವಿದ್ಯಾಲಯ ಇದೆ, 1985ರದು. ಹೊಸ ಜುವಾರಿ ಸೇತುವೆ ಬಂದ ಮೇಲೆ ವಾಸ್ಕೋದಿಂದ ಹೋಗಿಬರುವುದು ಮೊದಲಿನಷ್ಟು ಕಷ್ಟ ಇಲ್ಲ. ಕ್ಯಾಂಪಸ್ ಚೆಂದ, ಜನ ಕಮ್ಮಿ, ಲೈಬ್ರರಿಯಲ್ಲಿ ಕೂರಲು ಜಾಗ ಸಿಗುತ್ತದೆ. ಮುಂಬೈಯವರಿಗೆ ಇದೇ ಹೊಟ್ಟೆಕಿಚ್ಚು.

ಆದರೆ ಸಣ್ಣ ರಾಜ್ಯದಲ್ಲಿ ಗೈಡ್‌ಗಳೂ ಕಮ್ಮಿ. ನಿಮ್ಮ ವಿಷಯಕ್ಕೆ ಗೈಡ್ ಇದ್ದಾರಾ, ಅವರ ಹತ್ತಿರ ಜಾಗ ಇದೆಯಾ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಪರೀಕ್ಷೆಗೆ ಓದಿ. ತಂಗಿಗೆ ನಾನು ಹೇಳಿದ್ದು ಇಷ್ಟೇ. ಅವಳು ಹೋಗಿ ವಿಚಾರಿಸಿಕೊಂಡು ಬಂದಳು. ಬಂದವಳೇ "ಅಕ್ಕಾ, ಊರಲ್ಲೇ ಮಾಡಿದ್ರೆ ಹೇಗೆ?" ಎಂದಳು.

ಊರಿಗೇ ಹೋಗುವುದು

ಅವಳ ಊರು ಧಾರವಾಡದ ಹತ್ತಿರ. ಇಲ್ಲೊಂದು ವಿಷಯ ಹೇಳಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಮುಂಬೈಯಲ್ಲೇ, 1949ರಲ್ಲಿ. ಆಗ ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು. 1950ರಲ್ಲಿ ವಿಶ್ವವಿದ್ಯಾಲಯ ಧಾರವಾಡಕ್ಕೆ ಹೋಯಿತು. ಹಾಗೆ ನೋಡಿದರೆ ಮುಂಬೈಯವರು ಅಲ್ಲಿ ಓದಲು ಹೋಗುವುದು ತವರಿಗೆ ಹೋದಂತೆ.

ಉತ್ತರ ಕರ್ನಾಟಕದವರಿಗೆ ಧಾರವಾಡ, 2010ರಲ್ಲಿ ಶುರುವಾದ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಇವೆ. ಕರಾವಳಿಯವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, 1980ರದು. ಗಡಿ ಹತ್ತಿರದವರಿಗೆ ಕೊಲ್ಹಾಪುರ, ಸೋಲಾಪುರ ಕೂಡ ಇವೆ. ಕನ್ನಡ ಗೊತ್ತಿರುವ ಗೈಡ್, ಕನ್ನಡ ಪುಸ್ತಕ ತುಂಬಿದ ಲೈಬ್ರರಿ, ಉಳಿಯಲು ಅಣ್ಣನ ಮನೆ. ಕೇಳಲು ಬಹಳ ಚೆಂದ.

ಆದರೆ ನನಗೆ ಈ ದಾರಿಯ ಬಗ್ಗೆ ಅನುಮಾನ ಜಾಸ್ತಿ. ಕೋರ್ಸ್‌ವರ್ಕ್‌ಗೆ ಅಲ್ಲಿಯೇ ಇರಬೇಕು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ನಿಂತು ಎಷ್ಟು ಕೆಲಸ ಆಯಿತು ಎಂದು ಹೇಳಬೇಕು. ಮುಂಬೈಯಿಂದ ಮಂಗಳೂರಿಗೆ ರಾತ್ರಿಯಿಡೀ ರೈಲು, ಗೈಡ್ ಆ ದಿನ ಪರೀಕ್ಷಾ ಡ್ಯೂಟಿಯಲ್ಲಿದ್ದರೆ ಬರಿಗೈಲಿ ವಾಪಸ್. ಮುಖ್ಯವಾದ ಇನ್ನೊಂದು ತೊಂದರೆ: ನಿಮ್ಮ ಪ್ರಶ್ನೆ ಹುಟ್ಟಿದ್ದು ಭಾಂಡುಪ್‌ನಲ್ಲಿ. 'ಪಂಚವೀಸ'ದ ತೊಂದರೆ ಧಾರವಾಡದ ಗೈಡ್‌ಗೆ ಅರ್ಥವಾಗುತ್ತದೆ, ಆದರೆ ಅದರ ಬಿಸಿ ಅವರಿಗೆ ತಟ್ಟುವುದಿಲ್ಲ. ಊರಿಗೆ ಸಂಬಂಧಪಟ್ಟ ಪ್ರಶ್ನೆಯಾದರೆ ಮಾತ್ರ ಊರಿಗೆ ಹೋಗಿ. ತಂಗಿಯ ವಿಷಯ ಗೋವಾಕ್ಕೆ ಕೆಲಸಕ್ಕೆ ಬರುವ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳು. ವರ್ಷದಲ್ಲಿ ಕೆಲವು ತಿಂಗಳು ಇಲ್ಲಿ, ಉಳಿದ ತಿಂಗಳು ಅಲ್ಲಿ ಓದುವ ಮಕ್ಕಳು. ಅವಳಿಗೆ ಧಾರವಾಡ ಸರಿ ಎಂದೆ. ವಾಸ್ಕೋದಿಂದ ಒಂದು ರಾತ್ರಿಯೂ ಬೇಡ.

ಮನೆ ಹತ್ತಿರದ ರಿಸರ್ಚ್ ಸೆಂಟರ್

ಈಗ ಜಾಸ್ತಿ ಸೀಟು ಹುಟ್ಟುತ್ತಿರುವುದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಲ್ಲ, ಅದಕ್ಕೆ ಸೇರಿದ ಬಿ.ಎಡ್. ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯ ಮಾನ್ಯತೆ ಕೊಟ್ಟ ರಿಸರ್ಚ್ ಸೆಂಟರ್ ಎಂದು ಬೋರ್ಡು ಹಾಕಿರುತ್ತಾರೆ. ಪದವಿ ವಿಶ್ವವಿದ್ಯಾಲಯದ್ದೇ. ಠಾಣೆಯಲ್ಲೋ ವಾಶಿಯಲ್ಲೋ ಪಿಂಪ್ರಿಯಲ್ಲೋ ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ ಗೈಡ್ ಸಿಗುತ್ತಾರೆ.

ಒಳ್ಳೆಯದೇ. ಆದರೆ ಸೀಟು ಹೆಚ್ಚಿಸುವುದು ಸುಲಭ, ತೂಕ ಕೊಡುವುದು ಕಷ್ಟ ಎಂದ ಎಡ್‌ಡಿಯ ಕಥೆ ಇಲ್ಲಿ ನೆನಪಿಡಿ. ಸೇರುವ ಮೊದಲು ಒಂದು ಮಧ್ಯಾಹ್ನ ಸುಮ್ನೆ ಅಲ್ಲಿಯ ಲೈಬ್ರರಿಗೆ ಹೋಗಿ ಕೂತು ಬನ್ನಿ. ಹೊಸ ಪತ್ರಿಕೆ ಬರುತ್ತವಾ? ಜರ್ನಲ್‌ಗಳನ್ನು ಓದಲು ಲಾಗಿನ್ ಕೊಡುತ್ತಾರಾ? ಇನ್ನಿಬ್ಬರು ಸಂಶೋಧಕರು ಅಲ್ಲಿ ಕೂತು ಓದುವುದು ಕಾಣುತ್ತದಾ? ಬೀಗ ಹಾಕಿದ ಕಪಾಟುಗಳಷ್ಟೇ ಕಂಡರೆ ಜಾಗ ಖಾಲಿ ಮಾಡಿ. ಅಲ್ಲಿಂದ ಬಂದ ಪ್ರಬಂಧಗಳನ್ನೂ ಶೋಧಗಂಗಾದಲ್ಲಿ ನೋಡಿ. 'ಶಿಕ್ಷಕರ ಮನೋಭಾವದ ಅಧ್ಯಯನ' ಎಂಬ ಒಂದೇ ಟಾಪಿಕ್ ತಾಲ್ಲೂಕಿನ ಹೆಸರು ಮಾತ್ರ ಬದಲಾಗಿ ಐದು ಸಲ ಕಂಡರೆ ನಿಮ್ಮದು ಆರನೆಯದಾಗುತ್ತದೆ.

ಫೋನಿನಲ್ಲಿ ಬರುವ ಡಾಕ್ಟರೇಟ್

ಇದಕ್ಕೆ ಎರಡು ಮಾತು ಸಾಕು. ಮನೆಯಲ್ಲೇ ಕೂತು ಒಂದೂವರೆ ವರ್ಷದಲ್ಲಿ ವಿದೇಶಿ ಡಾಕ್ಟರೇಟ್ ಎಂದು ದಿನಕ್ಕೆ ಮೂರು ಮೆಸೇಜು ಬರುತ್ತವೆ. ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಸಾರಿವೆ. ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಪಿಎಚ್.ಡಿ. ನಡೆಸಬಾರದು ಎಂದು 2022ರ ನಿಯಮವೇ ಹೇಳುತ್ತದೆ. ಇನ್ನು 'ಹಾಜರಿ ಬೇಡ, ನಾವೇ ಬರೆಸಿಕೊಡುತ್ತೇವೆ' ಎನ್ನುವವರು. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ ಪಿಎಚ್.ಡಿ. ಪ್ರವೇಶವನ್ನು ಯುಜಿಸಿ ಐದು ವರ್ಷ ನಿಲ್ಲಿಸಿತು. ಅಲ್ಲಿ ದುಡ್ಡು ಕಟ್ಟಿ ಕಾಯುತ್ತಿದ್ದವರ ಗತಿ ಯೋಚಿಸಿ.

ಗೈಡ್

ನನ್ನ ಕಥೆ ಹೇಳುತ್ತೇನೆ, ವಿಶ್ವವಿದ್ಯಾಲಯದ ಹೆಸರು ಬೇಡ. ನಾನು ಹೆಸರು ನೋಡಿ ಸೇರಿದೆ. ಗೈಡ್ ದೊಡ್ಡವರು, ಸಮಿತಿಗಳಲ್ಲಿ ಕೂರುವವರು. ಎರಡು ವರ್ಷದಲ್ಲಿ ನಾನು ಅವರನ್ನು ನೆಮ್ಮದಿಯಾಗಿ ಮಾತಾಡಿಸಿದ್ದು ನಾಲ್ಕು ಸಲ, ಅದರಲ್ಲಿ ಒಂದು ಸಲ ಲಿಫ್ಟಿನಲ್ಲಿ. ಮೂರನೇ ವರ್ಷ ಅವರು ನಿವೃತ್ತರಾದರು. ಹೊಸ ಗೈಡ್ ಸಿಗಲು ಹತ್ತು ತಿಂಗಳು. ಹೊಸಬರು ಟಾಪಿಕ್ ಸ್ವಲ್ಪ ಬದಲಿಸಿ ಎಂದರು. ಸ್ವಲ್ಪ ಎಂದರೆ ಎರಡು ಅಧ್ಯಾಯ. ನನ್ನ ಏಳು ವರ್ಷದಲ್ಲಿ ಎರಡು ವರ್ಷ ಅಲ್ಲೇ ಹೋಯಿತು.

ಈಗಿನ ನಿಯಮದಲ್ಲಿ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಮ್ಮಿ ಇರುವವರು ಹೊಸ ವಿದ್ಯಾರ್ಥಿಗಳನ್ನು ತಗೊಳ್ಳುವಂತಿಲ್ಲ. ಆದರೂ ಕೇಳಿ, ನಾಚಿಕೆ ಬೇಡ. ನಿವೃತ್ತಿ ಯಾವಾಗ, ಈಗ ಎಷ್ಟು ಜನ ಇದ್ದಾರೆ, ಕಳೆದ ಐದು ವರ್ಷದಲ್ಲಿ ಎಷ್ಟು ಜನ ಮುಗಿಸಿದರು, ಬರೆದದ್ದನ್ನು ಎಷ್ಟು ದಿನದಲ್ಲಿ ಓದಿ ವಾಪಸ್ ಕೊಡುತ್ತಾರೆ. ಕೊನೆಯದಕ್ಕೆ ಉತ್ತರ ಅವರ ಹಳೆಯ ವಿದ್ಯಾರ್ಥಿಗಳ ಹತ್ತಿರ ಸಿಗುತ್ತದೆ. ಇನ್ನೊಂದು ಪ್ರಶ್ನೆ ಕೇಳಲೇಬೇಕು: 'ನನ್ನ ಶಾಲೆಯಲ್ಲೇ, ನನ್ನ ಮಕ್ಕಳ ಜೊತೆ ಕೆಲಸ ಮಾಡಿ ಬರೆಯಬಹುದಾ?' ಕೆಲವರು ಮುಖ ಗಂಟಿಕ್ಕಿ, 'ಸ್ಯಾಂಪಲ್ ಎಷ್ಟು? 300 ಇಲ್ಲದೆ ಆಗುವುದಿಲ್ಲ' ಎನ್ನುತ್ತಾರೆ. ಅವರು ಕೆಟ್ಟ ಗೈಡ್ ಅಲ್ಲ, ನಿಮ್ಮ ಪ್ರಶ್ನೆಗೆ ಆಗುವವರಲ್ಲ ಅಷ್ಟೇ. ಹೆಸರಿಲ್ಲದ ಕಾಲೇಜಿನಲ್ಲಿ ನಿಮ್ಮ ಬರಹವನ್ನು ಕೆಂಪು ಪೆನ್ನಿನಿಂದ ತುಂಬಿಸಿ ಕೊಡುವ ಗೈಡ್ ಸಿಕ್ಕರೆ ನಾನು ಅವರನ್ನೇ ಆರಿಸುತ್ತೇನೆ.

ಮಾಡಿ ಏನು ಸಿಗುತ್ತದೆ?

ಶಾಲೆಯಲ್ಲಿರುವವರಿಗೆ ನೇರವಾಗಿ ಹೇಳಬೇಕೆಂದರೆ, ದುಡ್ಡಿನ ಲೆಕ್ಕದಲ್ಲಿ ಬಹಳ ಏನೂ ಇಲ್ಲ. ಮಹಾರಾಷ್ಟ್ರದ ಖಾಸಗಿ ಶಾಲೆಗಳಿಗೆ ಇರುವ 1981ರ ನಿಯಮದಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಿಗೆ ಬೇಕಿರುವುದು ಪದವಿ, ಬಿ.ಎಡ್. ಮತ್ತು ಐದು ವರ್ಷದ ಅನುಭವ. ಪಿಎಚ್.ಡಿ. ಮಾತೇ ಇಲ್ಲ. ಹೆಸರಿನ ಮುಂದೆ 'ಡಾ.' ಬರುತ್ತದೆ, ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಸ್ವಲ್ಪ ಮೇಲೆ ಹೋಗುತ್ತದೆ.

ಕಾಲೇಜಿನವರ ಲೆಕ್ಕ ಬೇರೆ. ಅಸಿಸ್ಟೆಂಟ್ ಪ್ರೊಫೆಸರ್ ನೇಮಕಕ್ಕೆ 2023ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಅಲ್ಲ, ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಸಾಕು. ಆದರೆ ಅಸೋಸಿಯೇಟ್ ಆಗಲು ಬೇಕು. ಬಿ.ಎಡ್. ಕಾಲೇಜಿನ ಪ್ರಿನ್ಸಿಪಾಲ್ ಆಗಲು ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಪಿಎಚ್.ಡಿ. ಕೇಳುತ್ತದೆ, ಶಿಕ್ಷಣದಲ್ಲಿ ಅಥವಾ ಆ ಕಾಲೇಜು ಕಲಿಸುವ ಬೋಧನಾ ವಿಷಯದಲ್ಲಿ. ಪುಣೆಯ ಸರ್‌ಗೆ ಅದಕ್ಕೇ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. "ಸರ್, ನಿಮಗೆ ಬೇಕಿರುವುದು ನಿಯಮಕ್ಕೆ ಹೊಂದುವ, ಐದು ವರ್ಷದಲ್ಲಿ ಮುಗಿಯುವ ಶಿಕ್ಷಣದ ಪಿಎಚ್.ಡಿ. ಗಣೇಶಖಿಂಡದಲ್ಲೋ, ನಿಮ್ಮ ಮನೆ ಹತ್ತಿರದ ಸೆಂಟರ್‌ನಲ್ಲೋ, ಬೇಗ ಓದಿ ಕೊಡುವ ಗೈಡ್ ಹಿಡಿಯಿರಿ" ಎಂದೆ. ಅವರು ನಕ್ಕು, "ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ" ಎಂದರು.

ಭಾಂಡುಪ್‌ನ ಅಕ್ಕನ ಹತ್ತಿರ ಎಂ.ಎಡ್. ಇದೆ, ಅದು ಅವರ ಪುಣ್ಯ. ಕಲೀನಾದ ಶಿಕ್ಷಣ ವಿಭಾಗ ಅಥವಾ ಎಸ್‌ಎನ್‌ಡಿಟಿ ಎಂದೆ, ಎರಡರಲ್ಲಿ ಯಾರು 'ನಿಮ್ಮ ಶಾಲೆಯಲ್ಲೇ ಮಾಡಿ' ಎನ್ನುತ್ತಾರೋ ಅಲ್ಲಿ. ಇನ್ನೊಂದು ವಿಷಯವನ್ನೂ ಹೇಳಿದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ಏಕವೀಸ' ಜೊತೆ 'ವೀಸ ಏಕ' ಎಂದೂ ಹೇಳಿಸಲು ಹೊರಟಿತು. ನಮ್ಮ ಇಪ್ಪತ್ತೊಂದರ ಕ್ರಮವೇ ಅದು, ಅಲ್ವಾ? ರಾಜ್ಯದಲ್ಲಿ ದೊಡ್ಡ ಗಲಾಟೆ ಆಯಿತು, ಮರಾಠಿ ಕೆಡಿಸುತ್ತಿದ್ದಾರೆ ಎಂದರು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಲಾ ನಾರಳೀಕರ್ ಮಕ್ಕಳಿಗೆ ಇದು ಸುಲಭ ಎಂದು ಸಮರ್ಥಿಸಿಕೊಂಡರು. ಆ ಗಲಾಟೆಯಲ್ಲಿ ನಮ್ಮ ಕನ್ನಡ ಮನೆಯ ಮಕ್ಕಳ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಅಕ್ಕ ಪ್ರವೇಶ ಪರೀಕ್ಷೆಯ ಪ್ರಕಟಣೆಗೆ ಕಾಯುತ್ತಿದ್ದಾರೆ. ಅಷ್ಟರಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ಮಗು ಯಾವ ಸಂಖ್ಯೆಯನ್ನು ತಿರುಗಿಸಿ ಬರೆಯಿತು ಎಂದು ದಿನಾ ಗುರುತು ಹಾಕುತ್ತಾರೆ. ಮೊನ್ನೆ ಒಂದು ಪುಟದ ಫೋಟೋ ಕಳಿಸಿದ್ದರು. ಆ ಹುಡುಗ ಈಗ 'ಪಂಚವೀಸ' ಕೇಳಿದಾಗ ಮೊದಲು ಬಲಗಡೆ 5 ಬರೆದು, ಎಡಗಡೆ ಜಾಗ ಬಿಟ್ಟು, ಆಮೇಲೆ 2 ತುಂಬುತ್ತಾನಂತೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಂಡುಕೊಂಡದ್ದು.